ಪೇಪರ್ ಒಳಗಿನ ಪಾಂಪ್ಲೆಟ್: ಬೇಡ ಅಂತ ಯಾರಿಗೆ ಹೇಳೋದು?

ಪದ್ಮನಾಭನಗರದಾಕೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ವಿಂಗಡಣೆ ನೋಡಿಕೊಳ್ಳುವ ಗುಂಪಿನಲ್ಲಿ ನಾನೂ ಇದ್ದೇನೆ. ಹಸಿ ಕಸ, ಒಣ ಕಸ ಬೇರೆ ಮಾಡೋದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ತಲೆನೋವಾಗಿರೋದು ಪಾಂಪ್ಲೆಟ್. ಶನಿವಾರ, ಭಾನುವಾರ ಬಂತೆಂದರೆ ಪೇಪರಿಗಿಂತ ಅದರ ಹೊಟ್ಟೆಯೊಳಗಿನ ಪಾಂಪ್ಲೆಟ್ಟುಗಳೇ ದಪ್ಪ. ಸೈಟು, ನೀಟ್ ಕೋಚಿಂಗ್, ಹಲ್ಲಿನ ಕ್ಲಿನಿಕ್, ಮಾಡ್ಯುಲರ್ ಕಿಚನ್, ಅಡವಿಟ್ಟ ಚಿನ್ನ ಬಿಡಿಸಿಕೊಡುತ್ತೇವೆ ಅನ್ನುವವರು. ಗೇಟಿಗೆ ಸಿಕ್ಕಿಸಿ ಹೋಗುವವು, ಕಾರಿನ ವೈಪರ್ ಕೆಳಗೆ ಇಡುವವು ಬೇರೆ. ಯಾರೂ ಓದುವುದಿಲ್ಲ. ನೇರ ಒಣ ಕಸದ ಚೀಲಕ್ಕೆ.

ನನಗೆ ಎರಡು ವಿಷಯ ತಿಳಿಯಬೇಕು. ಈ ಹೊಳೆಯುವ ಕಾಗದ ನಿಜವಾಗಿ ಮರುಬಳಕೆ ಆಗುತ್ತದಾ, ಅಥವಾ ನಾವು ಸುಮ್ನೆ ಸಮಾಧಾನ ಪಟ್ಟುಕೊಳ್ಳುತ್ತಿದ್ದೇವಾ? ಎರಡನೆಯದು, ನನಗೆ ಇದು ಬೇಡ ಅಂತ ಹೇಳಲು ಒಂದು ಜಾಗ ಇದೆಯಾ? 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಬೇರೆ ಶುರುವಾಗಿದೆ. ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಕೊಡೋಣ, ಬೇಡ ಅನ್ನಲ್ಲ. ಆದರೆ ಕರೆಯದೆ ಕಸ ತಂದು ಹಾಕಿದವರಿಗೆ ಲೆಕ್ಕವೇ ಇಲ್ಲ, ಅಲ್ವಾ?

ಮೈಸೂರ್‌ಪಾಕ್‌ಪ್ರಿಯ:

ಮೊದಲು ಒಂದು ಕಡೆ ಖಾಲಿ ಬಿಡೋರು. ನಮ್ಮಮ್ಮ ಅದರ ಹಿಂದೆ ದಿನಸಿ ಪಟ್ಟಿ ಬರೀತಿದ್ದರು. ಈಗ ಎರಡೂ ಕಡೆ ಪ್ರಿಂಟ್, ಸಾಲದ್ದಕ್ಕೆ ಪೆನ್ನೂ ಹಿಡಿಯಲ್ಲ.

ಒಣಕಸದಣ್ಣ:

ಪದ್ಮನಾಭನಗರದ ಅಕ್ಕ, ನಾನು ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮೊದಲನೇ ಪ್ರಶ್ನೆಗೆ ಉತ್ತರ ನಾನು ಕೊಡಬಲ್ಲೆ.

ನಮ್ಮಲ್ಲಿ ಕಾಗದ ಅಂದರೆ ಒಂದೇ ರಾಶಿ ಅಲ್ಲ. ಬಿಳಿ ಹಾಳೆ ಬೇರೆ, ನ್ಯೂಸ್‌ಪೇಪರ್ ಬೇರೆ, ರಟ್ಟು ಬೇರೆ. ಈ ಮೂರಕ್ಕೂ ಗಿರಾಕಿ ಇದ್ದಾರೆ. ಉಳಿದದ್ದೆಲ್ಲ ಮಿಕ್ಸ್. ಮಿಕ್ಸ್‌ಗೆ ರೇಟು ತೀರಾ ಕಡಿಮೆ, ಕೆಲವು ಸಲ ಲಾರಿ ಬಾಡಿಗೆಗೂ ಗಿಟ್ಟುವುದಿಲ್ಲ. ಪಾಂಪ್ಲೆಟ್ ಬಂದು ಬೀಳೋದು ಇಲ್ಲಿಗೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಾಂಪ್ಲೆಟ್ಟಿನ ಮೂಲೆ ಹಿಡಿದು ನಿಧಾನಕ್ಕೆ ಹರಿಯಿರಿ. ಸರ್ರನೆ ಹರಿದು ಅಂಚಿನಲ್ಲಿ ನಾರು ನಾರಾಗಿ ಕಂಡರೆ ಅದು ಬರೀ ಕಾಗದ, ಎಷ್ಟೇ ಹೊಳೆಯಲಿ. ಆರ್ಟ್ ಪೇಪರಿನ ಹೊಳಪು ಮೇಲೆ ಬಳಿದ ಸುಣ್ಣ, ಜೇಡಿಮಣ್ಣಿನ ಪುಡಿಯದು. ಮಿಲ್ಲಿನಲ್ಲಿ ಅದು ತೊಳೆದು ಹೋಗುತ್ತದೆ, ನಾರು ಸ್ವಲ್ಪ ಕಡಿಮೆ ಸಿಗುತ್ತದೆ ಅಷ್ಟೇ. ಹರಿಯುವಾಗ ಅಂಚಿನಲ್ಲಿ ತೆಳ್ಳನೆ ಪೊರೆ ಎಳೆದುಕೊಂಡು ಬಂದರೆ ಮಾತ್ರ ಅದು ಲ್ಯಾಮಿನೇಷನ್. ಅಂಥದ್ದು ಮರುಬಳಕೆಗೆ ಬೇಡದ ಮಾಲು. ಮಿಲ್ಲಿನವರು ಕಾಗದವನ್ನು ನೀರಲ್ಲಿ ಹಾಕಿ ತಿರುವಿ ಗಂಜಿ ಮಾಡುತ್ತಾರೆ. ಪ್ಲಾಸ್ಟಿಕ್ ಪೊರೆ ಕರಗುವುದಿಲ್ಲ, ಜಾಲರಿಗೆ ಸುತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ವಿಸಿಟಿಂಗ್ ಕಾರ್ಡೂ ಅದೇ ಜಾತಿ. ಪಿನ್ನು ಹೊಡೆದಿದ್ದರೆ ತೊಂದರೆ ಇಲ್ಲ, ಕಬ್ಬಿಣ ಬೇರೆ ಮಾಡುವ ವ್ಯವಸ್ಥೆ ಮಿಲ್ಲಿನಲ್ಲಿದೆ.

ಇನ್ನೊಂದು ಮಾತು. ಒದ್ದೆ ಆಯಿತೋ, ಎಂಥ ಒಳ್ಳೆ ಕಾಗದವೂ ಕೆಟ್ಟಿತು. ದೋಸೆ ಚಟ್ನಿ ಸೋರಿದ ಒಂದು ಪೊಟ್ಟಣ ಇಡೀ ಚೀಲಕ್ಕೆ ಬೂಸ್ಟು ಹಿಡಿಸುತ್ತದೆ. ನಮ್ಮಲ್ಲಿ ವಿಂಗಡಿಸೋ ಹೆಂಗಸರು ಮೊದಲು ಚೀಲದೊಳಗೆ ಕೈಹಾಕಿ ತಳ ಮುಟ್ಟಿ ನೋಡುತ್ತಾರೆ. ತಣ್ಣಗಿದ್ದರೆ ಅಲ್ಲೇ ಮುಖ ಸಿಂಡರಿಸುತ್ತಾರೆ.

ಪದ್ಮನಾಭನಗರದಾಕೆ:

ತುಂಬಾ ಉಪಕಾರವಾಯಿತು ಅಣ್ಣ. ಹರಿದು ನೋಡುವುದನ್ನು ಇವತ್ತೇ ಮಾಡಿದೆ. ಮೇಜಿನ ಮೇಲಿದ್ದ ರಾಶಿಯಲ್ಲಿ ಫ್ಲಾಟಿನವರದ್ದೆಲ್ಲ ಪೊರೆ, ಟಿಫಿನ್ ಸರ್ವಿಸಿನವರದ್ದೆಲ್ಲ ಬರೀ ಕಾಗದ. ದುಡ್ಡಿದ್ದವರ ಕಸವೇ ಜಾಸ್ತಿ ಕೆಟ್ಟದ್ದು ಅನ್ನಿ.

ಇಲ್ಲಿನ ಸಂಸ್ಥೆಗಳು ಈ ವಿಷಯದಲ್ಲಿ ಏನಾದರೂ ಮಾಡಿವೆಯಾ? ಹಸಿರು ದಳ, ಸಾಹಸ್ ಹೆಸರು ಕೇಳಿದ್ದೇನೆ.

ಒಣಕಸದಣ್ಣ:

ಮಾಡಿದ್ದಾರೆ, ಬೇಕಾದಷ್ಟು. ಆದರೆ ಕಸ ಹುಟ್ಟಿದ ಮೇಲೆ ಅಕ್ಕ. ಸಾಹಸ್ 2001ರಿಂದ ಇದೆ. ಕಸ ಎಲ್ಲಿ ಹುಟ್ಟುತ್ತದೋ ಅಲ್ಲೇ ಬೇರೆ ಮಾಡಿ ಅನ್ನೋ ಪಾಠವನ್ನು ಅಪಾರ್ಟ್‌ಮೆಂಟ್, ಕಂಪನಿಗಳಿಗೆ ಕಲಿಸಿದವರಲ್ಲಿ ಅವರೂ ಮೊದಲಿಗರು. ಘನತ್ಯಾಜ್ಯ ದುಂಡುಮೇಜಿನ ಗುಂಪು ಅನ್ನೋ ನಾಗರಿಕರ ಬಳಗ 2009ರಲ್ಲಿ ಶುರುವಾಯಿತು. ಟು ಬಿನ್ ಒನ್ ಬ್ಯಾಗ್ ಅನ್ನೋದನ್ನು ಮನೆಮನೆಗೆ ತಂದವರು ಅವರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನೇ ಇಡೀ ನಗರಕ್ಕೆ ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ.

ಹಸಿರು ದಳದ ಕತೆ ಬೇರೆ. ಅದು ಚಿಂದಿ ಆಯುವವರ ಸಂಘಟನೆ. ರಸ್ತೆಯಲ್ಲಿ ಚೀಲ ಹೊತ್ತು ಹೋಗುವವರನ್ನು ಕಳ್ಳರ ಹಾಗೆ ನೋಡುತ್ತಿದ್ದ ಕಾಲ ಅದು. ಲೋಕ ಅದಾಲತ್ತಿನ ಸೂಚನೆ ಬಂದ ಮೇಲೆ 2011ರಿಂದ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಅವರಲ್ಲಿ ಎಷ್ಟೋ ಜನ ಇವತ್ತು ವಾರ್ಡಿನ ಒಣ ಕಸ ಕೇಂದ್ರ ನಡೆಸುತ್ತಿದ್ದಾರೆ. ನಾನು ಲೆಕ್ಕ ಬರೆಯುವ ಕೇಂದ್ರ ನಡೆಸುವವರೂ ಹಾಗೆ ಬಂದವರೇ. ಅವರ ಕೈಗೆ ಪಾಂಪ್ಲೆಟ್ ಬರುವುದು ಕೊನೆಗೆ. ಪ್ರಿಂಟ್ ಹಾಕಿಸುವವನಿಗೂ ಅವರಿಗೂ ಮಾತುಕತೆಯೇ ಇಲ್ಲ.

ಪ್ಲಾಸ್ಟಿಕ್ ಪೊಟ್ಟಣಕ್ಕಾದರೆ ಹೊಣೆ ಅಂತ ಒಂದು ಇದೆ. 2022ರ ನಿಯಮದ ಪ್ರಕಾರ ಪೊಟ್ಟಣದಲ್ಲಿ ಮಾಲು ಮಾರುವ ಕಂಪನಿ ಅಷ್ಟು ಪ್ಲಾಸ್ಟಿಕ್ಕನ್ನು ವಾಪಸ್ ಸಂಗ್ರಹಿಸಿದ ಲೆಕ್ಕ ಕೊಡಬೇಕು. ಚಿಪ್ಸ್ ಕವರಿನಂಥ ಪದರ ಪದರದ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಗೆ ಸುಡಲು ಹೋಗುವುದಕ್ಕೆ ಒಂದಿಷ್ಟು ದುಡ್ಡು ಹುಟ್ಟುವುದು ಹೀಗೆ. ಕಾಗದ, ಗಾಜು, ಲೋಹದ ಪ್ಯಾಕಿಂಗಿಗೂ ಇದೇ ತರಹದ ಕರಡು ನಿಯಮವನ್ನು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಅದೂ ಪ್ಯಾಕಿಂಗಿಗೆ. ಪಾಂಪ್ಲೆಟ್ ಪ್ಯಾಕಿಂಗ್ ಅಲ್ಲವಲ್ಲ. ಅದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ.

ಬೆಳಗಿನಪೇಪರ್:

ಎಲ್ಲರೂ ಪಾಂಪ್ಲೆಟ್ ನಿಲ್ಲಿಸಿ ಅಂತಿದ್ದೀರಿ. ಸ್ವಲ್ಪ ನನ್ನ ಮಾತೂ ಕೇಳಿ. ನಾನು ಪೇಪರ್ ಏಜೆಂಟ್.

ಬೆಳಗಿನ ಜಾವ ನಾಲ್ಕೂವರೆಗೆ ಮುಚ್ಚಿದ ಅಂಗಡಿಯೊಂದರ ಮುಂದೆ, ಬೀದಿದೀಪದ ಕೆಳಗೆ ನಮ್ಮ ಕೆಲಸ. ಒಂದು ಕಡೆ ಪೇಪರ್ ಕಟ್ಟು, ಇನ್ನೊಂದು ಕಡೆ ಪಾಂಪ್ಲೆಟ್ ಕಟ್ಟು. ಹುಡುಗರು ಎಡಗೈಯಲ್ಲಿ ಪೇಪರ್ ಮಡಿಕೆ ಬಿಡಿಸಿ, ಬಲಗೈ ಹೆಬ್ಬೆರಳಲ್ಲಿ ಒಂದೊಂದೇ ಪಾಂಪ್ಲೆಟ್ ಸರಿಸಿ ಒಳಗೆ ತಳ್ಳುತ್ತಾರೆ. ಹೊಳೆಯುವ ಕಾಗದ ಜಾರುತ್ತದೆ, ಎರಡೆರಡು ಅಂಟಿಕೊಂಡು ಹೋಗುತ್ತವೆ. ಮಳೆ ಬಂದರೆ ಟಾರ್ಪಾಲ್ ಕೆಳಗೆ ಕೂತು ಇದನ್ನೇ ಮಾಡಬೇಕು. ಹಾಕಿಸುವವರು ಸಾವಿರಕ್ಕೆ ಇಷ್ಟು ಅಂತ ಕೊಡುತ್ತಾರೆ. ಅದರಲ್ಲಿ ಪತ್ರಿಕೆಯವರಿಗೆ ಒಂದು ಪೈಸೆ ಹೋಗುವುದಿಲ್ಲ. ಅದು ಏಜೆಂಟರದ್ದು, ಹುಡುಗರದ್ದು. ಪೇಪರ್ ಮೇಲಿನ ಕಮಿಷನ್ ಒಂದರಲ್ಲೇ ಲೈನ್, ಅಂದರೆ ಮನೆಮನೆಗೆ ಪೇಪರ್ ಹಾಕುವ ಸುತ್ತು, ನಡೆಸಲು ಆಗುವುದಿಲ್ಲ. ಕೊರೊನಾ ಆದ ಮೇಲೆ ಎಷ್ಟು ಮನೆ ಪೇಪರ್ ನಿಲ್ಲಿಸಿದವು ಅಂತ ನಿಮಗೂ ಗೊತ್ತು. ಹುಡುಗನ ಸೈಕಲ್ ರಿಪೇರಿ, ದಸರಾಕ್ಕೆ ಒಂದು ಜೊತೆ ಬಟ್ಟೆ, ಎಲ್ಲ ಈ ದುಡ್ಡಲ್ಲೇ.

ಕೆಲವರು ಪೇಪರ್ ಸಮೇತ ವಾಪಸ್ ಕೊಟ್ಟು "ಪಾಂಪ್ಲೆಟ್ ತೆಗೆದು ಕೊಡಿ" ಅಂತಾರೆ. ತೆಗೆದರೆ ಅದು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿರಿ? ನನ್ನ ಮನೆ ಮೂಲೆಗೆ, ಅಲ್ಲಿಂದ ಗುಜರಿಗೆ. ಅಚ್ಚಾಗಿ ಬಂದ ಮೇಲೆ ಬೇಡ ಅಂದರೆ ಕಸ ನಿಮ್ಮ ಮನೆಯಿಂದ ನನ್ನ ಮನೆಗೆ ಬಂತು ಅಷ್ಟೇ.

ಟ್ಯೂಷನ್‌ಮೇಷ್ಟ್ರು:

ಏಜೆಂಟರ ಮಾತು ಸರಿ. ನಾನೂ ಏಪ್ರಿಲ್, ಮೇನಲ್ಲಿ ಪಾಂಪ್ಲೆಟ್ ಹಾಕಿಸುವವನೇ. ಮೊಬೈಲಲ್ಲಿ ಜಾಹೀರಾತು ಕೊಟ್ಟರೆ ಎಲ್ಲಿಯವರೋ ನೋಡುತ್ತಾರೆ. ನನಗೆ ಬೇಕಾದದ್ದು ನಮ್ಮ ನಾಲ್ಕು ರಸ್ತೆಯ ಮಕ್ಕಳು. ಮನೆ ಹತ್ತಿರದ ಸಣ್ಣ ವ್ಯಾಪಾರಕ್ಕೆ ಪಾಂಪ್ಲೆಟ್ ಬಿಟ್ಟರೆ ಬೇರೆ ಏನಿದೆ ಹೇಳಿ.

ಕಾಲುವೆದಡ:

ನಾನಿರುವುದು ಆಮ್‌ಸ್ಟರ್‌ಡ್ಯಾಮ್. ಏಜೆಂಟರು ಹೇಳಿದ ಕೊನೆ ಸಾಲು, ಅಚ್ಚಾದ ಮೇಲೆ ಬೇಡ ಅಂದರೆ ಏನುಪಯೋಗ ಅಂತ, ಇಲ್ಲಿ ವರ್ಷಗಟ್ಟಲೆ ನಡೆದ ಜಗಳವೂ ಅದೇ.

ಇಲ್ಲಿ ಅಂಚೆ ಡಬ್ಬದ ಮೇಲೆ ಸ್ಟಿಕರ್ ಅಂಟಿಸುವ ಪದ್ಧತಿ ಹಳೆಯದು. ಬೇಡ-ಬೇಡ ಅಂದರೆ ಜಾಹೀರಾತು ಬೇಡ, ಪುಕ್ಕಟೆ ಬಡಾವಣೆ ಪತ್ರಿಕೆಯೂ ಬೇಡ. ಬೇಡ-ಬೇಕು ಅಂದರೆ ಜಾಹೀರಾತು ಬೇಡ, ಪತ್ರಿಕೆ ಇರಲಿ. ಸ್ಟಿಕರ್ ಇಲ್ಲದ ಮನೆಗೆ ಎಲ್ಲವೂ ಬರುತ್ತಿತ್ತು. 2018ರ ಜನವರಿಯಿಂದ ಆಮ್‌ಸ್ಟರ್‌ಡ್ಯಾಮ್ ಇದನ್ನು ಉಲ್ಟಾ ಮಾಡಿತು. ಸ್ಟಿಕರ್ ಇಲ್ಲ ಅಂದರೆ ಜಾಹೀರಾತು ಬೇಡ ಅಂತಲೇ ಅರ್ಥ. ಬೇಕಾದವರು ಬೇಕು-ಬೇಕು ಸ್ಟಿಕರ್ ಅಂಟಿಸಬೇಕು. ಅಚ್ಚು, ಹಂಚಿಕೆ ಕಂಪನಿಗಳು ಕೋರ್ಟಿಗೆ ಹೋದವು. 2021ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ನಗರಸಭೆಯ ಪರ ತೀರ್ಪು ಕೊಟ್ಟಿತು. ಉಟ್ರೆಕ್ಟ್, ರಾಟರ್‌ಡ್ಯಾಮ್ ಕೂಡ ಇದೇ ದಾರಿ ಹಿಡಿದವು.

ಬೇಕು ಅಂದ ಮನೆ ಎಷ್ಟು ಅನ್ನೋದು ಹಂಚುವವನಿಗೆ ಮೊದಲೇ ಗೊತ್ತಿದ್ದರೆ ಅಷ್ಟೇ ಅಚ್ಚು ಹಾಕಿಸುತ್ತಾನೆ. ಸ್ಟಿಕರ್ ಕೆಲಸಕ್ಕೆ ಬರೋದು ಪ್ರೆಸ್ಸಿಗೆ ಸುದ್ದಿ ಮುಟ್ಟಿದಾಗ.

ಮೈಸೂರ್‌ಪಾಕ್‌ಪ್ರಿಯ:

ನಮ್ಮ ಬೀದಿಯಲ್ಲಿ "ಪಾರ್ಕಿಂಗ್ ಇಲ್ಲ" ಬೋರ್ಡ್ ಕೆಳಗೇ ಗಾಡಿ ನಿಲ್ಲಿಸುತ್ತಾರೆ. ಸ್ಟಿಕರ್ ಓದುತ್ತಾರಾ?

ಲೆಸ್ಟರ್‌ಕನ್ನಡಿಗ:

ಇಂಗ್ಲೆಂಡಿನ ಅನುಭವ ಸ್ವಲ್ಪ ಬೇರೆ. ಇಲ್ಲಿ ಜಾಹೀರಾತು ಕಳಿಸುವ ಉದ್ಯಮವೇ ಮುಂದೆ ಬಂದು ಪಟ್ಟಿ ಮಾಡಿತು. ಹೆಸರು, ವಿಳಾಸ ಬರೆದು ಬರುವ ಜಾಹೀರಾತು ಬೇಡ ಅನ್ನುವವರು ಹೆಸರು ನೋಂದಾಯಿಸುವ ಸೇವೆ 1983ರಿಂದ ಇದೆ. ಕಳಿಸುವ ಮೊದಲು ಕಂಪನಿಗಳು ತಮ್ಮ ಪಟ್ಟಿಯನ್ನು ಅದರ ಜೊತೆ ತಾಳೆ ನೋಡಿ ಆ ಹೆಸರುಗಳನ್ನು ತೆಗೆಯಬೇಕು. ತೀರಿಕೊಂಡವರ ಹೆಸರಿಗೆ ಪತ್ರ ಬರದ ಹಾಗೆ ಮಾಡಲು ಬೇರೆ ಪಟ್ಟಿಯೇ ಇದೆ. ಮನೆಯವರಿಗೆ ಅದೊಂದು ದೊಡ್ಡ ಸಮಾಧಾನ.

2003ರಲ್ಲಿ ನೇರ ಮಾರಾಟ ಪ್ರಚಾರದವರ ಸಂಘ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ತಮ್ಮ ಕಾಗದದಲ್ಲಿ 2005ಕ್ಕೆ ಶೇ 30, 2009ಕ್ಕೆ ಶೇ 55, 2013ಕ್ಕೆ ಶೇ 70 ಮರುಬಳಕೆಗೆ ಹೋಗಬೇಕು ಅಂತ ಗುರಿ. 2009ರಲ್ಲಿ ಪರಿಸರದ ಬಗ್ಗೆ ಒಂದು ಮಾನದಂಡವನ್ನೂ ತಂದರು. ಪಟ್ಟಿ ಶುದ್ಧ ಇರಬೇಕು, ಕಾಗದ ಮರುಬಳಕೆಗೆ ಬರುವಂಥದ್ದಾಗಿರಬೇಕು, ಬೇಡ ಅನ್ನಲು ದಾರಿ ಇರಬೇಕು ಅಂತ.

ನನ್ನ ಅನುಮಾನ ಒಂದಿದೆ. ಉದ್ಯಮ ತನಗೆ ತಾನೇ ಗುರಿ ಹಾಕಿಕೊಂಡಾಗ ಮರುಬಳಕೆ ಬಗ್ಗೆ ಜೋರಾಗಿ ಮಾತಾಡುತ್ತದೆ, ಅಚ್ಚು ಕಡಿಮೆ ಮಾಡುವ ಬಗ್ಗೆ ಪಿಸುಗುಟ್ಟುತ್ತದೆ. ಹೆಸರಿಲ್ಲದೆ ಬರುವ ಪಾಂಪ್ಲೆಟ್ ಆ ಪಟ್ಟಿಗೆ ಸೇರುವುದೂ ಇಲ್ಲ. ಅಂಚೆಯವರು ಹಂಚುವುದು ನಿಲ್ಲಬೇಕಾದರೆ ಅವರಿಗೇ ಬೇರೆ ಅರ್ಜಿ ಕೊಡಬೇಕು.

ಕಾನೂನುಕಟ್ಟೆ:

ನಮ್ಮಲ್ಲಿ ಕಾನೂನು ಎಲ್ಲಿದೆ, ಎಲ್ಲಿಲ್ಲ ಅಂತ ಹೇಳುತ್ತೇನೆ.

ಗೋಡೆ, ಕಂಬ, ಮರಕ್ಕೆ ಅಂಟಿಸುವುದು ತಪ್ಪು. ಸಾರ್ವಜನಿಕ ಜಾಗಗಳನ್ನು ವಿಕಾರ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ. ಸಾವಿರ ರೂಪಾಯಿ ಈಗ ಯಾವ ಬಿಲ್ಡರಿಗೂ ಲೆಕ್ಕಕ್ಕಿಲ್ಲ, ಅದು ಬೇರೆ ಮಾತು. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು, ಪ್ಲಾಸ್ಟಿಕ್ ನಿಷೇಧದ ಜೊತೆ. ಆದರೂ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ತಾನೇ ಬೆಂಗಳೂರಿನ ಫ್ಲೆಕ್ಸ್‌ಗಳು ಇಳಿದದ್ದು.

ಪೇಪರ್ ಒಳಗೆ ಬರುವ ಪಾಂಪ್ಲೆಟ್ ಇವೆರಡರಲ್ಲೂ ಬರುವುದಿಲ್ಲ. ಘನತ್ಯಾಜ್ಯ ನಿಯಮದಲ್ಲಿ ಕಸ ಯಾರ ಜಾಗದಲ್ಲಿ ಹುಟ್ಟುತ್ತದೋ ಅವರೇ ಕಸ ಮಾಡುವವರು. ನಿಮ್ಮ ಮನೆಯೊಳಗೆ ಬಂದ ಕ್ಷಣದಿಂದ ಅದು ನಿಮ್ಮ ಕಸ.

ಒಂದು ಒಳ್ಳೆ ಮಾದರಿ ನಮ್ಮ ಚುನಾವಣಾ ಕಾನೂನಿನಲ್ಲೇ ಇದೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಚುನಾವಣೆ ಕರಪತ್ರದ ಮೇಲೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ವ್ಯಾಪಾರದ ಪಾಂಪ್ಲೆಟ್ಟಿಗೂ ಅದನ್ನು ತಂದರೆ, ಎಷ್ಟು ಪ್ರತಿ ಅಂತಲೂ ಹಾಕಿಸಿದರೆ, ಯಾರು ಎಷ್ಟು ಕಸ ಮಾಡಿದರು ಅಂತ ಕಾಗದವೇ ಹೇಳುತ್ತದೆ. ಒಣ ಕಸ ಕೇಂದ್ರದವರಿಗೆ ಶುಲ್ಕ ಕೇಳಲು ಒಂದು ವಿಳಾಸ ಸಿಗುತ್ತದೆ.

ಸುಲ್ತಾನ್‌ಪೇಟೆಪ್ರೆಸ್:

ನಮ್ಮ ಅಪ್ಪನ ಕಾಲದಿಂದ ಅಚ್ಚಿನ ಕೆಲಸ. ಈಗ ನನ್ನ ಸರದಿ ಬಂತು, ಹೇಳಿಬಿಡುತ್ತೇನೆ.

ಆಫ್‌ಸೆಟ್‌ನಲ್ಲಿ ಅಚ್ಚು ಒತ್ತೋದು ಪ್ಲೇಟಿನಿಂದ, ಬಣ್ಣದ ಕೆಲಸಕ್ಕೆ ನಾಲ್ಕು ಪ್ಲೇಟ್ ಬೇಕು. ಸಾವಿರ ಹೊಡೆದರೂ ಅದೇ ಪ್ಲೇಟು, ಐದು ಸಾವಿರ ಹೊಡೆದರೂ ಅದೇ. ಹಾಗಾಗಿ ಪ್ರತಿ ಜಾಸ್ತಿಯಾದಷ್ಟೂ ಒಂದಕ್ಕೆ ಬೀಳುವ ರೇಟು ಇಳಿಯುತ್ತದೆ. ಗಿರಾಕಿಗೆ ಬೇಕಾಗಿರೋದು ಸಾವಿರ. "ಇನ್ನು ಸ್ವಲ್ಪ ಹಾಕಿದರೆ ಐದು ಸಾವಿರ ಬರುತ್ತದಲ್ಲ, ಹೊಡೆದುಬಿಡಿ ಸರ್" ಅಂತಾನೆ. ಉಳಿದ ಕಟ್ಟು ಅವನ ಗೋಡೌನಿನಲ್ಲಿ ಧೂಳು ತಿನ್ನುತ್ತದೆ. ಮುಂದಿನ ವರ್ಷ ಫೋನ್ ನಂಬರ್ ಬದಲಾಗಿರುತ್ತದೆ. ಈಗ ಡಿಜಿಟಲ್ ಮಷೀನಿನಲ್ಲಿ ಪ್ಲೇಟೇ ಬೇಡ. ಇನ್ನೂರು ಪ್ರತಿಯೂ ಹೊಡೆಯಬಹುದು. ಒಂದಕ್ಕೆ ರೇಟು ಜಾಸ್ತಿ ಕಾಣಿಸುತ್ತದೆ, ಒಟ್ಟು ಬಿಲ್ ಕಡಿಮೆ. ಇದನ್ನು ಗಿರಾಕಿಗೆ ಅರ್ಥ ಮಾಡಿಸುವುದೇ ಕಷ್ಟ.

ಲ್ಯಾಮಿನೇಷನ್ ಪಾಂಪ್ಲೆಟ್ಟಿಗೆ ಬೇಕೇ ಇಲ್ಲ. ಒಂದು ದಿನ ಬದುಕುವ ಕಾಗದಕ್ಕೆ ರೇನ್‌ಕೋಟ್ ಯಾಕೆ? ಮೆನು ಕಾರ್ಡಿಗೆ ಹಾಕಿ, ಒಪ್ಪುತ್ತೇನೆ. ಹೊಳಪೇ ಬೇಕಿದ್ದರೆ ನೀರಿನ ವಾರ್ನಿಷ್ ಸಾಕು. ಮೇಷ್ಟ್ರಿಗೆ ನಾನು ಹೇಳುವುದು: ಹೊಳಪಿಲ್ಲದ ಮಾಮೂಲಿ ಮ್ಯಾಪ್‌ಲಿಥೋ ಹಾಳೆ, ಒಂದು ಬಣ್ಣ, ಒಂದೇ ಕಡೆ. ಓದಲು ಕಣ್ಣಿಗೂ ಹಿತ, ಗುಜರಿಯವನಿಗೂ ಬೇಕು, ಮೈಸೂರ್‌ಪಾಕ್‌ಪ್ರಿಯರ ತಾಯಿಯವರಿಗೆ ದಿನಸಿ ಪಟ್ಟಿಗೂ ಆಯಿತು.

ಮಣ್ಣಿಗೆ ಹಾಕಿದರೆ ಮೊಳಕೆ ಬರುವ ಬೀಜದ ಕಾಗದದ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಮಂಗಳೂರಿನ ಹತ್ತಿರ ಪಕ್ಷಿಕೆರೆಯಲ್ಲಿ ಅದನ್ನು ಚೆನ್ನಾಗಿ ಮಾಡುತ್ತಾರೆ. ಮದುವೆ ಕಾಗದಕ್ಕೆ, ರಾಖಿಗೆ ಬಹಳ ಚೆಂದ. ಆದರೆ ಐದು ಸಾವಿರ ಪಾಂಪ್ಲೆಟ್ಟನ್ನು ಬೀಜದ ಕಾಗದದಲ್ಲಿ ಹಾಕಿಸಿ ಪರಿಸರ ಉಳಿಸಿದೆ ಅನ್ನುವ ಗಿರಾಕಿ ಬಂದರೆ ನನಗೆ ನಗು ಬರುತ್ತದೆ. ಕುಂಡಕ್ಕೆ ಯಾರು ಹಾಕುತ್ತಾರೆ ಸ್ವಾಮಿ.

ಟ್ಯೂಷನ್‌ಮೇಷ್ಟ್ರು:

ಸರ್, ಈ ಸಲ ಇನ್ನೂರೇ ಹಾಕಿಸುತ್ತೇನೆ. ಏಜೆಂಟರು ಇನ್ನೂರನ್ನು ನನ್ನ ನಾಲ್ಕು ರಸ್ತೆಗೇ ಹಾಕಿಸಿಕೊಡಲು ಆಗುತ್ತದಾ? ಯಾವಾಗ ಕೇಳಿದರೂ ಸಾವಿರಕ್ಕಿಂತ ಕಡಿಮೆ ತಗೊಳ್ಳಲ್ಲ ಅಂತಾರೆ.

ಬೆಂದಕಾಳು:

ಇಷ್ಟೆಲ್ಲ ಮಾಡಿ ಕಾಗದ ನಿಲ್ಲಿಸಿದರೆ ಅವರೆಲ್ಲ ಫೋನಿಗೆ ಬರುತ್ತಾರೆ. ಆಗಲೇ ದಿನಾ ಬೆಳಗ್ಗೆ "ನಮಸ್ತೆ ಸರ್, ದೇವನಹಳ್ಳಿಯಲ್ಲಿ ಪ್ಲಾಟ್".

ಕಾನೂನುಕಟ್ಟೆ:

ಅಲ್ಲಾದರೂ ಬೇಡ ಅನ್ನಲು ಜಾಗ ಇದೆ. 1909ಕ್ಕೆ ಕರೆ ಮಾಡಿ ಅಥವಾ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ನೋಂದಾಯಿಸಿ. ಪೂರ್ತಿ ಬೇಡ ಅನ್ನಬಹುದು. ಬ್ಯಾಂಕು, ರಿಯಲ್ ಎಸ್ಟೇಟ್, ಶಿಕ್ಷಣ ಹೀಗೆ ವಿಭಾಗ ನೋಡಿಯೂ ಬೇಡ ಅನ್ನಬಹುದು. 2025ರಿಂದ ಪ್ರಚಾರದ ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ ಪಿ ಅಕ್ಷರ ಇರಬೇಕು. ದೂರು ಕೊಡಲು ಮೂರು ದಿನ ಇದ್ದದ್ದನ್ನು ಏಳು ದಿನ ಮಾಡಿದ್ದಾರೆ. ಹತ್ತಂಕಿಯ ಮಾಮೂಲಿ ನಂಬರಿನಿಂದ ಪ್ಲಾಟ್ ಮಾರುವವರ ಮೇಲೂ ದೂರು ಕೊಡಬಹುದು. ವಾಟ್ಸ್ಆ್ಯಪ್ ಮಾತ್ರ ಇದರೊಳಗೆ ಬರುವುದಿಲ್ಲ, ಅಲ್ಲಿ ಬ್ಲಾಕ್ ಮಾಡುವುದೇ ಗತಿ.

ಒಣಕಸದಣ್ಣ:

ಫೋನಿಗೆ ಬಂದರೆ ಬರಲಿ ಬಿಡಿ ಬೆಂದಕಾಳು. ಅದನ್ನು ಯಾರೂ ಬಗ್ಗಿ ಆರಿಸಬೇಕಿಲ್ಲ. ನಿಮ್ಮ ಕಿರಿಕಿರಿ ನಿಮ್ಮ ಹತ್ತಿರವೇ ಇರುತ್ತದೆ.

ಪದ್ಮನಾಭನಗರದಾಕೆ:

ಎಲ್ಲ ಓದಿದೆ. ಏಜೆಂಟರ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಹುಡುಗರ ದುಡ್ಡು ಕಿತ್ತು ನಾವು ಕಸಮುಕ್ತ ಅಂತ ಬೋರ್ಡ್ ಹಾಕಿಕೊಳ್ಳುವುದು ನನಗೂ ಇಷ್ಟವಿಲ್ಲ. ಹಾಗಾಗಿ ಬೇಡ ಅನ್ನುವ ಮನೆಗಳ ಪಟ್ಟಿಯನ್ನು ನಾವು ನಿಮಗೆ ತಿಂಗಳ ಮೊದಲೇ ಕೊಟ್ಟರೆ ಹೇಗೆ ಸರ್? ಹಾಕಿಸಲು ಬಂದವರಿಗೆ "ಈ ಲೈನಿನಲ್ಲಿ ಬೇಕು ಅಂದವರು ಇಷ್ಟು ಮನೆ" ಅಂತ ನೀವು ಹೇಳಬಹುದು. ಬೇಕು ಅಂದವರ ಮನೆಗೆ ಹಾಕಿದರೆ ಓದುತ್ತಾರೆ ಅನ್ನುವ ನಂಬಿಕೆ ಅವರಿಗೂ ಇರುತ್ತದೆ, ಆಗ ಸಾವಿರದ ಲೆಕ್ಕ ಬಿಟ್ಟು ಮನೆ ಲೆಕ್ಕದಲ್ಲಿ ರೇಟು ಸ್ವಲ್ಪ ಜಾಸ್ತಿ ಕೇಳಿ. ಬೇಡ ಅಂದ ಮನೆಯವರು ಪೇಪರ್ ಬಿಲ್ಲಿನ ಜೊತೆ ಹುಡುಗನಿಗೆ ತಿಂಗಳಿಗೆ ಸ್ವಲ್ಪ ಸೇರಿಸಿ ಕೊಡಲಿ. ನಮ್ಮ ಅಸೋಸಿಯೇಷನ್ನಿನಲ್ಲಿ ನಾನು ಕೇಳುತ್ತೇನೆ.

ಸುಲ್ತಾನ್‌ಪೇಟೆಪ್ರೆಸ್:

ಅಚ್ಚಿಗೆ ಕೊಡುವ ಮೊದಲೇ ಆ ಲೆಕ್ಕ ಸಿಕ್ಕರೆ ನನ್ನ ಗಿರಾಕಿಗೆ ನಾನೇ ಹೇಳುತ್ತೇನೆ, ಇಷ್ಟೇ ಸಾಕು ಅಂತ. ಪ್ರೆಸ್ಸಿನವನು ಕಡಿಮೆ ಹಾಕಿಸಿ ಅಂದರೆ ಗಿರಾಕಿ ನಂಬುತ್ತಾನೆ, ಯಾಕಂದರೆ ಅದರಲ್ಲಿ ನಷ್ಟ ನಂದೇ.

ಬೆಳಗಿನಪೇಪರ್:

ಮೇಡಂ, ಆಗದ ಮಾತೇನಲ್ಲ. ಲೈನ್ ಪುಸ್ತಕದಲ್ಲಿ ಮನೆ ನಂಬರ್ ಪಕ್ಕ ಯಾವ ಪೇಪರ್ ಅಂತ ಬರೆದಿರುತ್ತೇವೆ, ಅಲ್ಲೇ ಒಂದು ಗೀಟು ಹಾಕಿಕೊಂಡರೆ ಆಯಿತು. ಆದರೆ ಕತ್ತಲಲ್ಲಿ ಕಟ್ಟು ಹೊತ್ತ ಹುಡುಗ ಮನೆ ಮನೆಗೆ ಪುಸ್ತಕ ತೆಗೆದು ನೋಡುವುದಿಲ್ಲ. ಒಂದು ಮಹಡಿಯಲ್ಲಿ ಒಬ್ಬರಿಗೆ ಬೇಕು, ಪಕ್ಕದವರಿಗೆ ಬೇಡ ಅಂದರೆ ತಪ್ಪೇ ತಪ್ಪುತ್ತದೆ. ನಿಮ್ಮದು ಇಡೀ ಬ್ಲಾಕ್ ಆದರೆ ಆ ಕಟ್ಟನ್ನೇ ಬೇರೆ ಇಡಬಹುದು. ಅದು ಸುಲಭ. ಮೇಷ್ಟ್ರ ಇನ್ನೂರನ್ನೂ ಹಾಗೇ ರಸ್ತೆ ಲೆಕ್ಕದಲ್ಲಿ ಹಾಕಿಸುತ್ತೇನೆ, ಆದರೆ ಹಿಂದಿನ ದಿನ ಸಂಜೆಯೇ ಕಟ್ಟು ನನ್ನ ಕೈಗೆ ಬರಬೇಕು.

ಹುಡುಗನಿಗೆ ಕೊಡುವ ದುಡ್ಡು ಅವನ ಕೈಗೇ ಕೊಡಿ, ಬಿಲ್ಲಿನಲ್ಲಿ ಸೇರಿಸಬೇಡಿ. ಇನ್ನೊಂದು, ಪೇಪರಿನ ಜೊತೆಗೇ ಅಚ್ಚಾಗಿ ಬರುವ ದಪ್ಪ ಜಾಹೀರಾತು ಪುಟಗಳಿವೆಯಲ್ಲ, ಮುಖಪುಟಕ್ಕೂ ಮೊದಲು ಬರುವವು, ಅದು ನನ್ನ ಕೈಲಿಲ್ಲ. ಅದಕ್ಕೆ ನನ್ನನ್ನು ಬೈಯಬೇಡಿ.

ಪದ್ಮನಾಭನಗರದಾಕೆ:

ಅದು ನ್ಯೂಸ್‌ಪ್ರಿಂಟ್ ಸರ್, ಗುಜರಿಯವರು ಖುಷಿಯಿಂದ ತಗೊಳ್ಳುತ್ತಾರೆ. ಬ್ಲಾಕ್ ಲೆಕ್ಕದಲ್ಲೇ ಕೇಳುತ್ತೇನೆ. ನಮ್ಮದು ಎ ಮತ್ತು ಬಿ ಬ್ಲಾಕ್. ಬಿ ಬ್ಲಾಕಿನವರು ಒಪ್ಪಬಹುದು. ಎ ಬ್ಲಾಕಿನಲ್ಲಿ ಹೋಟೆಲ್ ಆಫರ್ ಕೂಪನ್ ಕತ್ತರಿಸಿಟ್ಟುಕೊಳ್ಳುವವರು ಜಾಸ್ತಿ.